ತಿಸ್ರ್ಯೊ ಜುವಾರಿದಾ, ಅಘನಾಶಿನಿದಾ? ಬ್ಯಾಕ್ಟೀರಿಯಾ ನೋಡಿ ಊರು ಪತ್ತೆ ಮಾಡೋ ವಿಧಾನ

ಗೋವಾದ ಮಡಗಾಂವ್ ಮಾರ್ಕೆಟಲ್ಲಿ ತಿಸ್ರ್ಯೊ (ಹೊಳೆಯ ಚಿಪ್ಪಿಗೆ ಕೊಂಕಣಿ ಹೆಸರು) ಎಲ್ಲಿದು ಅಂತ ಕೇಳಿದ್ರೆ "ಗಾಂವ್ಟಿ", ಅಂದ್ರೆ ಇಲ್ಲೇ ಊರಿಂದು, ಅಂತಲೇ ಹೇಳ್ತಾರೆ, ಆದ್ರೆ ನಮ್ಮ ಕುಮಟಾದ ಅಘನಾಶಿನಿ ಅಳಿವೆಯಿಂದಲೂ ಗೋವಾಕ್ಕೆ ಚಿಪ್ಪಿ ಬರ್ತದೆ. 2018ರಲ್ಲಿ ಮೀನಿಗೆ ಫಾರ್ಮಲಿನ್ (ಹೆಣ ಕೆಡದ ಹಾಗೆ ಇಡೋ ರಾಸಾಯನಿಕ) ಹಾಕ್ತಾರೆ ಅಂತ ಗಲಾಟೆ ಆದಾಗ ಗೋವಾ ಸರ್ಕಾರ ಹೊರ ರಾಜ್ಯದ ಮೀನನ್ನೇ ಕೆಲವು ದಿನ ನಿಲ್ಲಿಸ್ತು, ಕಾರವಾರ ಮಲ್ಪೆ ಕಡೆ ಮೀನುಗಾರರಿಗೆ ಪೆಟ್ಟು ಬಿತ್ತು. ಮಾಲು ಯಾವ ಹೊಳೆದು ಅಂತ ಬಾಯಿಮಾತು ಬಿಟ್ಟು ಬೇರೆ ಸಾಕ್ಷಿ ಬೇಕು ಅಂತ ನಾನು ಹಠ ಹಿಡಿದು ಹೇಳೋದು ಇದಕ್ಕೇ. ಚಿಪ್ಪಿ ನೀರು ಸೋಸಿ ತಿನ್ನೋ ಜೀವಿ, ಹೊಳೆಗೆ ಚರಂಡಿ ನೀರು ಸೇರಿದ್ರೆ ಅದೂ ಅದರ ಮೈಯಲ್ಲಿ ಸೇರ್ತದೆ, ಊರು ಗೊತ್ತಾದ್ರೆ ತಾನೇ ಯಾವ ಜಾಗದ ಮಾಲು ನಿಲ್ಲಿಸ್ಬೇಕು ಅಂತ ಗೊತ್ತಾಗೋದು.

ಚಿಪ್ಪಿಯದ್ದೇ ಡಿಎನ್‌ಎ ಬಾರ್‌ಕೋಡ್ (ಜಾತಿ ಗುರುತಿಸೋ ಜೀನಿನ ತುಂಡು ಓದೋದು) ಮಾಡಿದ್ರೆ ಜಾತಿ ಮಾತ್ರ ತಿಳೀತದೆ, ಗೋವಾದ ಜುವಾರಿ ಹೊಳೆಲೂ ಅಘನಾಶಿನಿಲೂ ಅದೇ ಜಾತಿ ಇದ್ರೆ ಉಪಯೋಗ ಇಲ್ಲ. ಅದರೊಳಗೆ ಇರೋ ಬ್ಯಾಕ್ಟೀರಿಯಾ ಗುಂಪು ಹಾಗಲ್ಲ, ನೀರಿನ ಉಪ್ಪು, ಕೆಸರು, ಬಿಸಿ ಇವುಗಳ ಪ್ರಕಾರ ಜಾಗದಿಂದ ಜಾಗಕ್ಕೆ ಬದಲಾಗ್ತದೆ. ಪೋರ್ಚುಗಲ್‌ನ ಅವೇರೊ ಯುನಿವರ್ಸಿಟಿಯವರು ಚಿಪ್ಪಿ, ಮೀನುಗಳ ಮೇಲೆ ಈ ದಾರಿ ಹಿಡಿದು ಕೆಲಸ ಮಾಡಿದ್ದಾರೆ.

ಮೊದಲು ರೆಫರೆನ್ಸ್ ಕಟ್ಟಿ, ಅಂದ್ರೆ ಊರು ಗೊತ್ತಿರೋ ಚಿಪ್ಪಿಗಳ ಬ್ಯಾಕ್ಟೀರಿಯಾ ಪಟ್ಟಿ, ಇದಕ್ಕೆ ಹೋಲಿಸಿಯೇ ಮಾರ್ಕೆಟ್ ಮಾಲಿನ ಊರು ಹೇಳೋದು. ಕೆಲಸದಲ್ಲಿ ಮುಕ್ಕಾಲು ಪಾಲು ಇದೇ, ಡಿಎನ್‌ಎ ಓದೋ ಸೀಕ್ವೆನ್ಸಿಂಗ್ ಮಷೀನ್ ಎಷ್ಟೇ ಚೆನ್ನಾಗಿದ್ರೂ ರೆಫರೆನ್ಸ್ ಬಡವಾಗಿದ್ರೆ ರಿಸಲ್ಟ್ ನಂಬೋ ಹಾಗಿಲ್ಲ. ಜುವಾರಿ, ಮಾಂಡೋವಿ, ಶಾಪೋರಾ, ಅಘನಾಶಿನಿ ಅಂತ ಜಾಗ ಆರಿಸ್ಕೊಂಡು, ಚಿಪ್ಪಿ ತೆಗೆಯೋರ ಜೊತೆ ನೀವೇ ಹೋಗಿ ನೀರಿಂದ ಎತ್ತಿ, ಒಂದೊಂದು ಜಾಗದಿಂದ 15-20 ಚಿಪ್ಪಿಯಾದ್ರೂ ಬೇಕು, ಜೊತೆಗೆ ಅಲ್ಲಿನ ನೀರು ಕೆಸರಿನ ಸ್ಯಾಂಪಲ್, ಉಪ್ಪಿನಂಶ, ದಿನಾಂಕ ಎಲ್ಲ ಬರೆದಿಡಿ. ಒಂದೇ ಸಲ ಹೋಗಿ ಬಂದ್ರೆ ಸಾಲದು. ಮಳೆಗಾಲದಲ್ಲಿ ಹೊಳೆ ಸಿಹಿನೀರಾಗಿಬಿಡ್ತದೆ, ಬ್ಯಾಕ್ಟೀರಿಯಾನೂ ಬದಲಾಗ್ತದೆ, ಜನವರಿ ರೆಫರೆನ್ಸ್ ಇಟ್ಕೊಂಡು ಆಗಸ್ಟ್ ಮಾಲಿನ ಊರು ಹೇಳಕ್ಕೆ ಹೋದ್ರೆ ನೀವು ಹಿಡಿಯೋದು ಋತುವನ್ನ, ಊರನ್ನಲ್ಲ.

ಇನ್ನು ಕೊಯ್ಯೋದು. ಹೊರಗಿನ ಚಿಪ್ಪನ್ನ ಬ್ರಷಲ್ಲಿ ತಿಕ್ಕಿ ತೊಳೆದು, ಸ್ಪಿರಿಟ್ ಹಚ್ಚಿ ಉರಿಯಲ್ಲಿ ಹಿಡಿದ ಕತ್ತಿಯಿಂದ ಸಂದು ಬಿಡಿಸಿ, ಒಳಗಿನ ನೀರು ಚೆಲ್ಲಿ. ಕಿವಿರು ತೆಳ್ಳಗೆ ಪದರ ಪದರ ಇರ್ತದೆ, ಅದನ್ನೊಂದು ಟ್ಯೂಬಿಗೆ, ಕಪ್ಪು ಹಸಿರಿನ ಜೀರ್ಣಗ್ರಂಥಿ ಇನ್ನೊಂದು ಟ್ಯೂಬಿಗೆ. ಬೇರೆ ಚಿಪ್ಪಿಗೆ ಹೋಗೋ ಮುಂಚೆ ಕತ್ತಿ ಮತ್ತೆ ಸುಡಿ. ಆಮೇಲೆ -80 ಡಿಗ್ರಿ ಫ್ರೀಜರ್, ಅದಿಲ್ಲಾಂದ್ರೆ 95% ಎಥನಾಲ್, ಆದ್ರೆ ಎಲ್ಲಾ ಸ್ಯಾಂಪಲ್‌ಗೂ ಒಂದೇ ಕ್ರಮ ಇರ್ಲಿ.

ಡಿಎನ್‌ಎ ಕಿಟ್ಟಲ್ಲಿ ತೆಗೆದು, 16ಎಸ್ ಜೀನಿನ (ಎಲ್ಲ ಬ್ಯಾಕ್ಟೀರಿಯಾದಲ್ಲೂ ಇದ್ದು, ಯಾವುದು ಯಾವುದು ಅಂತ ಗುರುತಿಸೋಕೆ ಬರೋ ಜೀನು) ವಿ3-ವಿ4 ಭಾಗಾನ ಪಿಸಿಆರಲ್ಲಿ ನಕಲು ಹೆಚ್ಚಿಸಿ ಕಂಪನಿಗೆ ಕಳಿಸಿದ್ರೆ ಓದಿ ಕೊಡ್ತಾರೆ. ಚಿಪ್ಪಿ ಹಾಕದೇ ಇರೋ ಖಾಲಿ ಟ್ಯೂಬೊಂದನ್ನ ಕೊನೆತನಕ ಜೊತೆಗೇ ನಡೆಸ್ಕೊಂಡು ಬನ್ನಿ, ಕಿಟ್ಟಿನ ಕೊಳೆ ಯಾವುದು ಅಂತ ಅದೇ ತೋರಿಸ್ತದೆ. ಬಂದ ಡೇಟಾನ ಡಾಡಾ2 ಅಥವಾ ಕೈಮ್2 ಅನ್ನೋ ಸಾಫ್ಟ್‌ವೇರಲ್ಲಿ ಹಾಕಿ, ಸಿಲ್ವಾ ಅನ್ನೋ ಡೇಟಾಬೇಸ್ ನೋಡಿ ಬ್ಯಾಕ್ಟೀರಿಯಾಗಳಿಗೆ ಹೆಸರು ಹಚ್ಚಿ, ಬ್ಯಾಕ್ಟೀರಿಯಾದ ಥರಾನೇ ಕಾಣೋ ಕ್ಲೋರೋಪ್ಲಾಸ್ಟ್, ಮೈಟೋಕಾಂಡ್ರಿಯಾ ರೀಡ್ಸ್ (ಓದಿದ ಡಿಎನ್‌ಎ ತುಂಡು) ತೆಗೆದುಹಾಕಿ. ಚಿಪ್ಪಿ ಪಾಚಿ ತಿನ್ನೋದ್ರಿಂದ ಕ್ಲೋರೋಪ್ಲಾಸ್ಟ್ ಬೇಕಾದಷ್ಟು ಬರ್ತದೆ.

ತುಂಬಾ ಜನ ಗಮನ ಕೊಡದ ವಿಷಯ ಐಸು. ನೀರಿಂದ ಎತ್ತಿದ ಮೇಲೂ ಬ್ಯಾಕ್ಟೀರಿಯಾ ಬದಲಾಗ್ತಾನೇ ಇರ್ತದೆ, ಶೆವನೆಲ್ಲಾ, ಸ್ಯೂಡೋಮೊನಾಸ್ ಥರ ಕೆಡಿಸೋ ಜಾತಿಗಳು ಐಸಲ್ಲಿಟ್ರೂ ನಿಧಾನಕ್ಕೆ ಬೆಳೀತಾವೆ. ಅದಕ್ಕೆ ಪ್ರತಿ ಜಾಗದ ಒಂದಿಷ್ಟು ಚಿಪ್ಪಿಗಳನ್ನ ಬೇಕಂತಲೇ ಗೋಣಿಚೀಲದಲ್ಲಿ, ಐಸ್ ಬಾಕ್ಸಲ್ಲಿ ಒಂದು ದಿನ, ಎರಡು ದಿನ ಇಟ್ಟು ಆಮೇಲೆ ಕೊಯ್ದು ಅವನ್ನೂ ರೆಫರೆನ್ಸಿಗೆ ಸೇರಿಸಿ, ಸಾಗಿಸಿದ ಮೇಲೂ ಉಳಿಯೋ ಗುರುತು ಯಾವುದೋ ಅದಕ್ಕೇ ಬೆಲೆ.

ಕೊನೆಗೆ ರ‍್ಯಾಂಡಮ್ ಫಾರೆಸ್ಟ್ ಥರದ ಕಂಪ್ಯೂಟರ್ ಮಾಡೆಲ್‌ಗೆ ಈ ರೆಫರೆನ್ಸ್ ತೋರಿಸಿ ಊರು ಗುರುತಿಸೋದು ಕಲಿಸಿ. ಒಂದೇ ದಿನ ಎತ್ತಿದ ಚಿಪ್ಪಿಗಳನ್ನ ಟ್ರೇನಿಂಗಿಗೂ ಟೆಸ್ಟಿಗೂ ಹಂಚ್ಬೇಡಿ, ಹಾಗೆ ಮಾಡಿದ್ರೆ ಮಾರ್ಕು ಸುಳ್ಳುಸುಳ್ಳೇ ಏರ್ತದೆ, ಟೆಸ್ಟಿಗೆ ಬೇರೆ ದಿನದ ಮಾಲೇ ಬೇಕು. ಮಾಡೆಲ್‌ಗೆ "ಇದು ನನಗೆ ಗೊತ್ತಿರೋ ಜಾಗದ್ದಲ್ಲ" ಅನ್ನೋಕೂ ಅವಕಾಶ ಇರ್ಲಿ, ಇಲ್ಲಾಂದ್ರೆ ರತ್ನಾಗಿರಿಯಿಂದ ಬಂದ ಚಿಪ್ಪಿಗೂ ಜುವಾರಿ ಅಂತಲೇ ಮುದ್ರೆ ಒತ್ತಿಬಿಡ್ತದೆ. ರಿಪೋರ್ಟಲ್ಲಿ ಬರೆಯೋವಾಗ "ಹೇಳಿದ ಜಾಗಕ್ಕೆ ಹೊಂದ್ತದೆ" ಅಥವಾ "ಹೊಂದಲ್ಲ" ಅಂತ ಮಾತ್ರ ಬರೀರಿ, ಮಾರೋರ ಮೇಲೆ ಅಪವಾದ ಹೊರಿಸೋಕೆ ಇದೊಂದೇ ಪರೀಕ್ಷೆ ಸಾಕಾಗಲ್ಲ, ಬಿಲ್ಲು, ಲಾರಿ ಕಾಗದ ಎಲ್ಲ ಜೊತೆಗಿಟ್ಟು ನೋಡ್ಬೇಕು.