ಎಲೆಕ್ಟ್ರಿಕ್ ಗಿಟಾರ್ ನೆಕ್: ನಿಮ್ಮ ಕೈಗೆ ಒಗ್ಗುವುದು ಯಾವುದು?

ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಹೊರಟವರು ಮೊದಲು ನೋಡುವುದು ಬಣ್ಣ. ಆಮೇಲೆ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ಆಮೇಲೆ ಬೆಲೆ. ನೆಕ್, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದನೆಯ ಭಾಗದ ಬಗ್ಗೆ ಕೇಳಿದರೆ "ನಂದು ಸಣ್ಣ ಕೈ, ತೆಳ್ಳಗಿರೋ ನೆಕ್ ಆದ್ರೆ ಸಾಕು" ಅನ್ನುತ್ತಾರೆ. ಕೇಳಲು ಸರಿ ಅನಿಸುತ್ತದೆ, ಅಲ್ವಾ? ಆದರೆ ಕೈಯ ಅಳತೆಗಿಂತ ಹೆಬ್ಬೆರಳನ್ನು ಎಲ್ಲಿ ಇಡುತ್ತೀರಿ ಅನ್ನುವುದೇ ಮುಖ್ಯ. ಸಣ್ಣ ಕೈಯವರು ದಪ್ಪ ನೆಕ್ ಮೇಲೆ ಗಂಟೆಗಟ್ಟಲೆ ಆರಾಮಾಗಿ ನುಡಿಸುವುದುಂಟು. ಉದ್ದ ಬೆರಳಿನವರಿಗೆ ತೆಳು ನೆಕ್ ಹಿಡಿದು ಸ್ವಲ್ಪ ಹೊತ್ತಿಗೇ ಹೆಬ್ಬೆರಳ ಬುಡ ಸೆಳೆಯುವುದೂ ಉಂಟು.

ಹೆಬ್ಬೆರಳು ಎಲ್ಲಿದೆ ನೋಡಿ

ಕೈಗೆ ಸಿಗುವ ಯಾವುದಾದರೂ ಗಿಟಾರ್ ತೆಗೆದುಕೊಳ್ಳಿ. ಚೆನ್ನಾಗಿ ಗೊತ್ತಿರುವ ಹಾಡೊಂದನ್ನು ನಿಮ್ಮ ಪಾಡಿಗೆ ನುಡಿಸಿ. ಪಾಠದಲ್ಲಿ ಹೇಳಿಕೊಟ್ಟ ಹಾಗೆ ನೆಟ್ಟಗೆ ಕೂರುವುದು ಬೇಡ, ದಿನಾ ಹೇಗೆ ಕೂರುತ್ತೀರೋ ಹಾಗೇ ಕೂರಿ. ನಡುವೆ ತಟ್ಟನೆ ನಿಲ್ಲಿಸಿ, ಎಡಗೈ ಅಲ್ಲಾಡಿಸದೆ ನೋಡಿ.

ಹೆಬ್ಬೆರಳು ನೆಕ್‌ನ ಮೇಲಂಚಿನಿಂದ ಇಣುಕುತ್ತಿದೆಯಾ? ಅಂಗೈ ಮರಕ್ಕೆ ತಾಗಿಕೊಂಡಿದೆಯಾ? ಹಾಗಿದ್ದರೆ ನಿಮ್ಮದು ಬ್ಲೂಸ್ ಹಿಡಿತ. ತಂತಿ ಎಳೆದು ಬೆಂಡ್ ಮಾಡುವವರಿಗೆ ಇದು ತಾನಾಗಿಯೇ ಬರುತ್ತದೆ. ಹೆಬ್ಬೆರಳು ನೆಕ್‌ನ ಬೆನ್ನಿನ ನಡುವೆ ಇದ್ದು, ಅಂಗೈಗೂ ಮರಕ್ಕೂ ಮಧ್ಯೆ ಜಾಗ ಉಳಿದಿದ್ದರೆ ಅದು ಕ್ಲಾಸಿಕಲ್ ಹಿಡಿತ. ಬೆರಳು ಅಗಲಿಸಿ ವೇಗವಾಗಿ ನುಡಿಸುವವರು ಹೆಚ್ಚಾಗಿ ಹೀಗೆ ಹಿಡಿಯುತ್ತಾರೆ. ಬಹಳ ಜನ ಎರಡನ್ನೂ ಬೆರೆಸುತ್ತಾರೆ. ನಿಮ್ಮಲ್ಲಿ ಯಾವುದು ಜಾಸ್ತಿ ಅಂತ ಗೊತ್ತಾದರೆ ಸಾಕು.

ಬ್ಲೂಸ್ ಹಿಡಿತದಲ್ಲಿ ನೆಕ್ ಅಂಗೈಗೆ ಒರಗಿರುತ್ತದೆ. ಅಲ್ಲಿ ಮರ ತುಂಬಿಕೊಂಡಿದ್ದರೆ ಭಾರ ಇಡೀ ಕೈಗೆ ಹಂಚಿಹೋಗುತ್ತದೆ. ತೀರಾ ತೆಳ್ಳಗಿದ್ದರೆ ಅಂಗೈಗೆ ಆಸರೆಯೇ ಇಲ್ಲ. ಹೆಬ್ಬೆರಳು ಮತ್ತು ಉಳಿದ ಬೆರಳುಗಳು ಚಿವುಟಿ ಹಿಡಿದ ಹಾಗೆ ಹಿಡಿಯಬೇಕು. ಸಣ್ಣ ಕೈಗೂ ತೆಳು ನೆಕ್ ನೋವು ಕೊಡುವುದು ಇದಕ್ಕೇ. ಕ್ಲಾಸಿಕಲ್ ಹಿಡಿತದಲ್ಲಿ ಲೆಕ್ಕ ತಿರುಗಾಮುರುಗಾ. ಬೆರಳುಗಳು ಹಿಂದಿನಿಂದ ನೆಕ್ ಸುತ್ತಿ ಬಂದು ಎಲ್ಲಕ್ಕಿಂತ ದಪ್ಪಗಿರುವ ಆರನೇ ತಂತಿ ಮುಟ್ಟಬೇಕು. ಮರ ಕಡಿಮೆ ಇದ್ದಷ್ಟೂ ದಾರಿ ಹತ್ತಿರ.

ನೆಕ್‌ದೇ ತಪ್ಪಾ, ಸೆಟಪ್‌ದಾ?

ಅಂಗಡಿಯಲ್ಲಿ ಒಂದು ಗಿಟಾರ್ ಎತ್ತಿಕೊಂಡು "ಯಾಕೋ ಗಟ್ಟಿ" ಅಂತ ವಾಪಸ್ ಇಡುವ ಮುಂಚೆ ಎರಡು ನಿಮಿಷ ಕೊಡಿ. ಎಷ್ಟೋ ಒಳ್ಳೆಯ ನೆಕ್‌ಗಳು ಕೆಟ್ಟ ಸೆಟಪ್‌ನಿಂದ, ಅಂದರೆ ತಂತಿ, ನೆಕ್ ಸರಿಯಾಗಿ ಹೊಂದಿಸದ್ದರಿಂದ, ಸುಮ್ನೆ ಹೆಸರು ಕೆಡಿಸಿಕೊಳ್ಳುತ್ತವೆ.

ಮೊದಲು ನಟ್, ಅಂದರೆ ನೆಕ್‌ನ ತಲೆ ಕಡೆ ತಂತಿಗಳು ಕೂರುವ ಪಟ್ಟಿ. ಫ್ರೆಟ್ ಅಂದರೆ ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಗೆರೆ. ಒಂದೊಂದೇ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ, ಮೊದಲ ಫ್ರೆಟ್ ಮೇಲೆ ತಂತಿಯ ಕೆಳಗೆ ಎಷ್ಟು ಸಂದು ಇದೆ ನೋಡಿ. ಕೂದಲೆಳೆಯಷ್ಟಿದ್ದರೆ ಸರಿ. ಎದ್ದು ಕಾಣುವಷ್ಟಿದ್ದರೆ ನಟ್‌ನ ಕಚ್ಚು ಸಾಕಷ್ಟು ಆಳವಿಲ್ಲ. ಅಂಥ ಗಿಟಾರ್‌ನಲ್ಲಿ ಮೊದಲ ಫ್ರೆಟ್‌ನ ಎಫ್ ಬಾರ್ ಕಾರ್ಡ್ (ತೋರುಬೆರಳಿನಿಂದ ಎಲ್ಲ ತಂತಿ ಒಟ್ಟಿಗೆ ಒತ್ತಿ ಹಿಡಿಯುವ ಸ್ವರಗುಚ್ಛ) ಹಿಡಿಯಲು ಜೀವ ಹೋಗುತ್ತದೆ, ಅದೇ ಆಕಾರ ಐದನೇ ಫ್ರೆಟ್‌ನಲ್ಲಿ ಸಲೀಸು.

ಆಮೇಲೆ ನೆಕ್‌ನ ಬಾಗು. ಆರನೇ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿ, ಏಳು–ಎಂಟನೇ ಫ್ರೆಟ್ ಹತ್ತಿರ ನೋಡಿ. 0.2ರಿಂದ 0.3 ಮಿ.ಮೀ. ಸಂದು ಸಾಮಾನ್ಯ. ಜಾಸ್ತಿ ಇದ್ದರೆ ತಂತಿ ಮೇಲೆದ್ದು ನಿಂತಿರುತ್ತದೆ, ಒತ್ತಲು ಬಲ ಬೇಕಾಗುತ್ತದೆ. ಇದನ್ನು ಸರಿಮಾಡಲೆಂದೇ ನೆಕ್ ಒಳಗೆ ಟ್ರಸ್ ರಾಡ್ ಅನ್ನುವ ಉಕ್ಕಿನ ಸರಳು ಇರುತ್ತದೆ. ಗಿಬ್ಸನ್ ಕಂಪನಿಗೆ ಇದರ ಪೇಟೆಂಟ್ ಸಿಕ್ಕಿದ್ದು 1923ರಲ್ಲಿ. ತಿರುಗಿಸುವುದು ಕಷ್ಟವಲ್ಲ, ಆದರೆ ಒಂದು ಸಲಕ್ಕೆ ಕಾಲು ಸುತ್ತು ಮೀರಬೇಡಿ. ಧೈರ್ಯ ಇಲ್ಲದಿದ್ದರೆ ಗೊತ್ತಿರುವವರ ಕೈಗೆ ಕೊಡಿ.

ತಂತಿಯ ದಪ್ಪವನ್ನೂ ವಿಚಾರಿಸಿ. ಒಂದು ಗಿಟಾರ್‌ಗೆ 9ರ ಸೆಟ್ (ಎಲ್ಲಕ್ಕಿಂತ ತೆಳ್ಳಗಿನ ಮೊದಲ ತಂತಿ ಇಂಚಿನ ಸಾವಿರದಲ್ಲಿ 9 ಭಾಗ ದಪ್ಪ), ಇನ್ನೊಂದಕ್ಕೆ 11ರ ಸೆಟ್ ಹಾಕಿದ್ದರೆ ಎರಡರ ನೆಕ್ ಹೋಲಿಸುವುದರಲ್ಲಿ ಅರ್ಥವಿಲ್ಲ.

ಆಕಾರ: ಅಕ್ಷರ ನಂಬಬೇಡಿ

ನೆಕ್ಕನ್ನು ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಆಕಾರಕ್ಕೆ ಪ್ರೊಫೈಲ್ ಅನ್ನುತ್ತಾರೆ. ದುಂಡಗಿದ್ದರೆ ಸಿ, ಬೆನ್ನು ಚಪ್ಪಟೆಯಾಗಿದ್ದರೆ ಡಿ, ದಪ್ಪಗೆ ಎತ್ತರವಾಗಿದ್ದರೆ ಯು, ನಡುವೆ ಏಣು ಇದ್ದರೆ ವಿ. ಹೆಬ್ಬೆರಳು ಮೇಲೆ ಹಾಕುವವರಿಗೆ ವಿ ಚೆನ್ನಾಗಿ ಕೂರುತ್ತದೆ, ಏಣು ಅಂಗೈಯ ಗುಳಿಗೆ ಇಳಿಯುತ್ತದೆ. ಹೆಬ್ಬೆರಳನ್ನು ಹಿಂದೆ ಒತ್ತುವವರಿಗೆ ಅದೇ ಏಣು ಚುಚ್ಚಿದ ಹಾಗೆ ಆಗುತ್ತದೆ. ಅವರಿಗೆ ಡಿ ಅಥವಾ ಚಪ್ಪಟೆ ಸಿ ಹಿತ.

ಫೆಂಡರ್ ಕಂಪನಿಯೇ 1950ರ ದಶಕದ ಶುರುವಿನಲ್ಲಿ ಟೆಲಿಕ್ಯಾಸ್ಟರ್‌ಗೆ ಭಾರಿ ಯು ಮಾದರಿ ಮಾಡಿತು, ಆ ದಶಕದ ಮಧ್ಯದಲ್ಲಿ ವಿ ಕಡೆ ಹೊರಳಿತು. ಗಿಬ್ಸನ್ ಲೆಸ್ ಪಾಲ್‌ನಲ್ಲಿ 1959ರ ನೆಕ್ ದುಂಡಗೆ ದಪ್ಪ, ಮರುವರ್ಷವೇ ತೆಳ್ಳಗಾಯಿತು. ಇವತ್ತಿಗೂ ಇವನ್ನು "ಫಿಫ್ಟೀಸ್", "ಸಿಕ್ಸ್ಟೀಸ್" ಅಂತಲೇ ಮಾರುತ್ತಾರೆ.

ತೊಂದರೆ ಏನೆಂದರೆ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬರ ಸಿ ಇನ್ನೊಬ್ಬರ ಡಿ. ಆದ್ದರಿಂದ ಮಿಲಿಮೀಟರ್‌ನಲ್ಲಿ ಕೇಳಿ: ಮೊದಲ ಫ್ರೆಟ್ ಹತ್ತಿರ ಎಷ್ಟು ದಪ್ಪ, 12ನೇ ಫ್ರೆಟ್ ಹತ್ತಿರ ಎಷ್ಟು? ಇಬಾನೆಜ್ ಕಂಪನಿಯ ವಿಝಾರ್ಡ್ 3 ನೆಕ್ 19ರಿಂದ 21 ಮಿ.ಮೀ. 1959ರ ಶೈಲಿಯ ಲೆಸ್ ಪಾಲ್ ನೆಕ್ ಮೊದಲ ಫ್ರೆಟ್‌ನಲ್ಲೇ ಸುಮಾರು 23. ಮೂರು–ನಾಲ್ಕು ಮಿಲಿಮೀಟರ್ ವ್ಯತ್ಯಾಸ ಕಾಗದದ ಮೇಲೆ ಏನೂ ಅಲ್ಲ, ಕೈಯಲ್ಲಿ ಹಗಲು–ರಾತ್ರಿ.

ದಪ್ಪ ಒಂದೇ ಇದ್ದರೂ ಎರಡು ನೆಕ್ ಬೇರೆ ಬೇರೆ ಅನಿಸಬಹುದು. ಕಾರಣ ಭುಜ, ಅಂದರೆ ಫ್ರೆಟ್‌ಬೋರ್ಡ್ (ಫ್ರೆಟ್‌ಗಳಿರುವ ಮುಂದಿನ ಮೈ) ಅಂಚಿನಿಂದ ಬೆನ್ನಿನ ಕಡೆಗೆ ಇಳಿಯುವ ಜಾಗ. ಕಣ್ಣು ಮುಚ್ಚಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮವನ್ನು ನೆಕ್‌ಗೆ ತಾಗಿಸಿ, ಮೊದಲ ಫ್ರೆಟ್‌ನಿಂದ 12ರವರೆಗೆ ನಿಧಾನವಾಗಿ ಜಾರಿಸಿ. ಭುಜ ತುಂಬಿದ್ದರೆ ಅಂಚಿನ ಕೆಳಗೇ ಮರ ಉಬ್ಬಿ ಅಡ್ಡ ಬರುತ್ತದೆ. ಭುಜ ಕಡೆದಿದ್ದರೆ ಬೆರಳುಗಳು ಸರಾಗವಾಗಿ ಒಳಗೆ ಬಾಗುತ್ತವೆ. ದಪ್ಪ ನೆಕ್ ಒಲ್ಲೆ ಅನ್ನುವ ಎಷ್ಟೋ ಜನರಿಗೆ ನಿಜವಾಗಿ ಬೇಡದ್ದು ಈ ತುಂಬಿದ ಭುಜ ಅಂತ ನನ್ನ ಅನಿಸಿಕೆ.

ಅಗಲ ಮತ್ತು ಉಬ್ಬು

ನಟ್ ಅಗಲ ಹಳೆ ಶೈಲಿಯ ಫೆಂಡರ್‌ಗಳಲ್ಲಿ ಸುಮಾರು 42 ಮಿ.ಮೀ., ಈಗಿನ ಬಹುಪಾಲು ಗಿಟಾರ್‌ಗಳಲ್ಲಿ 43ರ ಆಸುಪಾಸು. ಪರೀಕ್ಷೆ ಸುಲಭ. ಎರಡನೇ ಫ್ರೆಟ್‌ನಲ್ಲಿ ಮೂರು ಬೆರಳಿಟ್ಟು ಎ ಕಾರ್ಡ್ ಹಿಡಿಯಿರಿ, ತಂತಿ ಒಂದೊಂದಾಗಿ ಮೀಟಿ. ಮೊದಲ ತಂತಿಗೆ ಬೆರಳು ತಾಗಿ ಸದ್ದು ಕಟ್ಟಿದರೆ ಇನ್ನೂ ಸ್ವಲ್ಪ ಅಗಲ ಬೇಕು. ಆಮೇಲೆ 12ನೇ ಫ್ರೆಟ್‌ನಲ್ಲಿ ಮೊದಲ ತಂತಿಯನ್ನು ಕೆಳಕ್ಕೆಳೆದು ವೈಬ್ರೇಟೊ ಮಾಡಿ, ಅಂದರೆ ಸ್ವರ ಅಲುಗಾಡಿಸಿ. ತಂತಿ ಅಂಚಿನಿಂದ ಜಾರಿ ಬಿದ್ದರೆ ಅಂಥ ನೆಕ್ ನಿಮಗೆ ಸದಾ ಕಿರಿಕಿರಿ.

ಫ್ರೆಟ್‌ಬೋರ್ಡ್ ಸಪಾಟಾಗಿರುವುದಿಲ್ಲ, ಅಡ್ಡಕ್ಕೆ ಕೊಂಚ ಉಬ್ಬಿರುತ್ತದೆ. ಇದರ ಅಳತೆಯೇ ರೇಡಿಯಸ್. ಸಂಖ್ಯೆ ಚಿಕ್ಕದಾದಷ್ಟೂ ಉಬ್ಬು ಜಾಸ್ತಿ. ಹಳೆ ಫೆಂಡರ್‌ಗಳದ್ದು 7.25 ಇಂಚು, ಈಗಿನವುಗಳದ್ದು ಸಾಮಾನ್ಯವಾಗಿ 9.5, ಗಿಬ್ಸನ್‌ದು 12. ಉಬ್ಬಿದ ಬೋರ್ಡ್ ಮೇಲೆ ಬಾರ್ ಕಾರ್ಡ್ ಹಿಡಿಯಲು ತೋರುಬೆರಳಿಗೆ ಹಾಯಾಗಿರುತ್ತದೆ. ಆದರೆ ತಂತಿ ತಗ್ಗಿಸಿಟ್ಟು ದೊಡ್ಡ ಬೆಂಡ್ ಎಳೆದರೆ, ತಂತಿ ಮುಂದಿನ ಫ್ರೆಟ್‌ಗಳಿಗೆ ತಗಲಿ ಸದ್ದು ಸತ್ತುಹೋಗುತ್ತದೆ. ಮೊದಲ ತಂತಿಯನ್ನು 14ನೇ ಫ್ರೆಟ್‌ನಲ್ಲಿ ಎಳೆದು ನೋಡಿದರೆ ಗೊತ್ತಾಗುತ್ತದೆ. ಕಾರ್ಡ್ ಜಾಸ್ತಿ ನುಡಿಸುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಸ್ಕೇಲ್ ಉದ್ದ

ಕೈ ಸಣ್ಣದು ಅನ್ನುವವರು ನಿಜವಾಗಿ ಗಮನ ಕೊಡಬೇಕಾದ್ದು ಇಲ್ಲಿ. ನಟ್‌ನಿಂದ ಬ್ರಿಡ್ಜ್‌ವರೆಗಿನ (ಗಿಟಾರ್‌ನ ಒಡಲಿನ ಮೇಲೆ ತಂತಿ ಕೂರುವ ಭಾಗ) ತಂತಿಯ ಉದ್ದವೇ ಸ್ಕೇಲ್. ಸ್ಟ್ರ್ಯಾಟೊಕ್ಯಾಸ್ಟರ್, ಟೆಲಿಕ್ಯಾಸ್ಟರ್‌ಗಳದ್ದು 648 ಮಿ.ಮೀ. ಲೆಸ್ ಪಾಲ್‌ದು ಸುಮಾರು 628. ಫೆಂಡರ್ ಜಾಗ್ವಾರ್, ಮಸ್ಟಾಂಗ್‌ಗಳದ್ದು 610. ನಟ್‌ನಿಂದ ನಾಲ್ಕನೇ ಫ್ರೆಟ್‌ವರೆಗಿನ ದೂರ ಲೆಕ್ಕ ಹಾಕಿದರೆ ಕ್ರಮವಾಗಿ ಹೆಚ್ಚುಕಡಿಮೆ 134, 130 ಮತ್ತು 126 ಮಿ.ಮೀ. ಬರುತ್ತದೆ. ಕಿರುಬೆರಳು ಚಾಚಿಯೂ ತಲುಪದೆ ಒದ್ದಾಡುವವರಿಗೆ ಆ ಎಂಟು ಮಿಲಿಮೀಟರ್ ದೊಡ್ಡದೇ. ಇನ್ನೊಂದು ಲಾಭವೂ ಇದೆ. ತಂತಿಯ ದಪ್ಪ, ಶ್ರುತಿ ಎರಡೂ ಒಂದೇ ಆಗಿದ್ದರೆ 648ಕ್ಕಿಂತ 628ರಲ್ಲಿ ತಂತಿಯ ಬಿಗಿ ಸುಮಾರು ಶೇ 6ರಷ್ಟು ಕಡಿಮೆ. ಬೆಂಡ್ ಮಾಡಲು ಸುಲಭ.

ಮೇಲ್ಮೈ, ಅಂಚು, ತೂಕ

ಕೈ ಬೆವರುವವರಿಗೆ ಹೊಳಪಿನ ವಾರ್ನಿಷ್ ಅಂಟುತ್ತದೆ, ಹೊಳಪಿಲ್ಲದ ಸ್ಯಾಟಿನ್ ಜಾರುತ್ತದೆ. ಇದೊಂದೇ ಕಾರಣಕ್ಕೆ ಒಳ್ಳೆ ನೆಕ್ ಬಿಡಬೇಡಿ. ನೆಕ್‌ನ ಬೆನ್ನನ್ನು ನವಿರಾದ ಸ್ಟೀಲ್ ಉಲ್‌ನಿಂದ ಉಜ್ಜಿ ಹೊಳಪು ತೆಗೆಯಬಹುದು. ಆದರೆ ಪಿಕಪ್‌ಗಳಿಗೆ ಮೊದಲು ಟೇಪ್ ಅಂಟಿಸಿ. ಅವು ಅಯಸ್ಕಾಂತ, ಉಕ್ಕಿನ ಪುಡಿಯನ್ನೆಲ್ಲ ಎಳೆದುಕೊಳ್ಳುತ್ತವೆ. ಫ್ರೆಟ್‌ಗಳ ತುದಿ ಬೆರಳಿಗೆ ಗೀರುತ್ತಿದ್ದರೆ ಗಾಬರಿ ಬೇಡ. ಒಣ ಹವೆಯಲ್ಲಿ ಮರ ಕುಗ್ಗಿ ಲೋಹ ಹೊರಗೆ ಬಂದಿರುತ್ತದೆ, ಅರ ಹಾಕಿಸಿದರೆ ಮುಗಿಯಿತು.

ಗಿಟಾರ್‌ನ ಹೆಗಲ ಬೆಲ್ಟ್ ಹಾಕಿಕೊಂಡು ನಿಂತು ಎಡಗೈ ಬಿಡಿ. ಗಿಟಾರ್‌ನ ತಲೆ ನೆಲದ ಕಡೆ ವಾಲಿದರೆ ನುಡಿಸುವಷ್ಟು ಹೊತ್ತೂ ಎಡಗೈ ಆ ಭಾರ ಹೊರಬೇಕು. ಗಿಬ್ಸನ್ ಎಸ್‌ಜಿ ಮಾದರಿಯವುಗಳಲ್ಲಿ ಇದು ಗೊತ್ತಿರುವ ಸಂಗತಿ. ಒರಟು ಒಳಮೈ ಇರುವ ಅಗಲ ಬೆಲ್ಟ್ ಹಾಕಿದರೆ ಸುಮಾರಾಗಿ ತಡೆಯುತ್ತದೆ.

ಇಪ್ಪತ್ತು ನಿಮಿಷ ನುಡಿಸಿ

ಎರಡು ರಿಫ್ (ಪುಟ್ಟ ತುಣುಕು) ಬಾರಿಸಿ ತೀರ್ಮಾನ ಮಾಡಬೇಡಿ. ಹೊಸ ನೆಕ್ ಮೊದಲ ಐದು ನಿಮಿಷ ಯಾರಿಗಾದರೂ ಚೆನ್ನಾಗೇ ಅನಿಸುತ್ತದೆ. ಅರ್ಧ ಹೊತ್ತು ಕೂತು, ಅರ್ಧ ಹೊತ್ತು ನಿಂತು ನುಡಿಸಿ. ಬಾರ್ ಕಾರ್ಡ್ ಬಿಡಬೇಡಿ. ಕೊನೆಗೆ ಎಲ್ಲಿ ಆಯಾಸ ಅಂತ ಗಮನಿಸಿ. ಹೆಬ್ಬೆರಳ ಬುಡವಾದರೆ ಇನ್ನೂ ದಪ್ಪ ಇರುವುದನ್ನು ಹಿಡಿದು ನೋಡಿ. ಮಣಿಕಟ್ಟು ತಿರುಚಿದಂತಾದರೆ ತೆಳ್ಳಗಿನದು ಅಥವಾ ಭುಜ ಕಡೆದದ್ದು. ಬೆರಳ ತುದಿ ಉರಿದರೆ ಅದು ತಂತಿಯ ಕೆಲಸ, ನೆಕ್‌ದಲ್ಲ. ಜೋಮು ಹಿಡಿದು ಬಿಡದೇ ಇದ್ದರೆ ಗಿಟಾರ್ ಅಂಗಡಿ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಈಗಾಗಲೇ ಗಿಟಾರ್ ಇದೆ, ಅದರ ದನಿ ಇಷ್ಟ, ನೆಕ್ ಮಾತ್ರ ಒಗ್ಗುತ್ತಿಲ್ಲವಾ? ಸ್ಕ್ರೂ ಹಾಕಿ ಕೂರಿಸಿದ್ದಾದರೆ ನೆಕ್ ಒಂದನ್ನೇ ಬದಲಿಸಬಹುದು. ಲೆಸ್ ಪಾಲ್ ತರಹ ಅಂಟು ಹಾಕಿ ಕೂರಿಸಿದ್ದಾದರೆ ಈ ದಾರಿ ಇಲ್ಲ. ಹೊಸ ನೆಕ್ ತರಿಸುವ ಮುಂಚೆ ಹಳೆಯದನ್ನು ಬಿಚ್ಚಿ, ಅದು ಕೂರುವ ಗುಳಿಯ ಅಗಲ ಅಳೆಯಿರಿ. ಫೆಂಡರ್ ಮಾದರಿಯದ್ದು ಸುಮಾರು 56 ಮಿ.ಮೀ. ಇರುತ್ತದೆ. ಸ್ಕೇಲ್ ಹಳೆಯದರಷ್ಟೇ ಇರಬೇಕು, ಇಲ್ಲದಿದ್ದರೆ ಯಾವ ಸ್ವರವೂ ಶ್ರುತಿಗೆ ಕೂರುವುದಿಲ್ಲ. ಸ್ಕ್ರೂ ತೂತುಗಳು ಹೊಂದದಿದ್ದರೆ ನೆಕ್‌ನ ತೂತುಗಳಿಗೆ ಗಟ್ಟಿ ಮರದ ಕಡ್ಡಿ ಮತ್ತು ಅಂಟು ತುಂಬಿ, ಒಣಗಿದ ಮೇಲೆ ಹೊಸದಾಗಿ ಕೊರೆಯಬೇಕು.