ಗುಜರಿಗೆ ಹೊರಟಿದ್ದ ಕಂಪ್ಯೂಟರಿನಲ್ಲಿ ನ್ಯೂಸ್-2: ನನ್ನ ಅನುಭವ

ಉಸಿರು, ನಾಡಿ, ರಕ್ತದೊತ್ತಡದಂಥ ಏಳು ಅಂಶಗಳಿಗೆ ಅಂಕ ಕೊಟ್ಟು ಕೂಡಿಸಿ, ರೋಗಿಯ ಸ್ಥಿತಿ ಹದಗೆಡುತ್ತಿದೆಯೇ ಎಂದು ನೋಡುವ ಲೆಕ್ಕವೇ ನ್ಯೂಸ್-2. ಅಂಕ ಏರಿದಷ್ಟೂ ಅಪಾಯ ಹೆಚ್ಚು. ಈ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸೋಣ ಎಂದಾಗ ವಾರ್ಡಿನಲ್ಲಿ ಯಾರೂ ಒಪ್ಪಲಿಲ್ಲ. ‘ಮುಖ ನೋಡಿದರೆ ತಿಳಿಯದ್ದು ಈ ಪೆಟ್ಟಿಗೆಗೆ ತಿಳಿಯುತ್ತದೆಯೇ ಸಿಸ್ಟರ್?’ ಎಂದು ಹಿರಿಯ ವೈದ್ಯರೇ ಕೇಳಿದ್ದರು. ಒಂದೂವರೆ ವರ್ಷದಿಂದ ಮೂರೂ ಪಾಳಿಗಳಲ್ಲಿ ಅದು ನಡೆಯುತ್ತಿದೆ.

ಸಿದ್ಧ ತಂತ್ರಾಂಶಕ್ಕೆ ಕೇಳಿದ ಬೆಲೆ ಹೆಚ್ಚುಕಡಿಮೆ ಇಬ್ಬರು ನರ್ಸ್‌ಗಳ ವರ್ಷದ ಸಂಬಳ. ವಾರ್ಷಿಕ ನಿರ್ವಹಣೆಯ ಶುಲ್ಕ ಬೇರೆ. ಆಡಳಿತದವರು ಆಗುವುದಿಲ್ಲ ಎಂದರು. ಗುಜರಿಗೆ ಹೊರಟಿದ್ದ ಕಂಪ್ಯೂಟರೊಂದನ್ನು ಕೇಳಿ ಪಡೆದು, ನ್ಯೂಸ್-2ರ ಏಳು ಅಂಶಗಳನ್ನೂ ಸ್ಪ್ರೆಡ್‌ಶೀಟ್‌ನಲ್ಲಿ ನಾನೇ ಕೂರಿಸಿದೆ. ಖರ್ಚಾದದ್ದು ಒಂದು ಯುಪಿಎಸ್‌ಗೆ, ಒರೆಸಿ ಶುಚಿ ಮಾಡಬಹುದಾದ ಒಂದು ಕೀಬೋರ್ಡಿಗೆ, ಅಷ್ಟೆ. ಹಾಳೆಯಲ್ಲಿ ಹಾಸಿಗೆಯ ಸಂಖ್ಯೆ ಮಾತ್ರ ಇರುತ್ತದೆ, ರೋಗಿಯ ಹೆಸರಿಲ್ಲ.

ಮೊದಲ ವಾರಗಳಲ್ಲಿ ಪರದೆಯ ಮೇಲೆ ವಾರ್ಡೆಲ್ಲ ಕೆಂಪು, ಅಂದರೆ ಎಲ್ಲರೂ ಅಪಾಯದಲ್ಲಿ. ಖಾಲಿ ಬಿಟ್ಟ ಕೋಶವನ್ನು ಹಾಳೆ ಸೊನ್ನೆ ಎಂದು ಓದುತ್ತಿತ್ತು. ನಾಡಿ ಸೊನ್ನೆಯಾದರೆ ಮೂರು ಅಂಕ, ತಾಪಮಾನ ಸೊನ್ನೆಯಾದರೆ ಇನ್ನೂ ಮೂರು! ಏಳೂ ತುಂಬುವ ತನಕ ‘ಅಪೂರ್ಣ’ ಎಂದಷ್ಟೇ ತೋರಿಸುವಂತೆ ಮಾಡಿದ ಮೇಲೆ ಗದ್ದಲ ಅಡಗಿತು. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರದು ಬೇರೆಯೇ ಕಥೆ. ರಕ್ತದ ಆಮ್ಲಜನಕ ಮಟ್ಟ ಶೇಕಡಾ 88ರಿಂದ 92ರೊಳಗೆ ಸಾಕು ಎಂದು ವೈದ್ಯರು ಬರೆದಿದ್ದರೂ ಹಾಳೆ 90ಕ್ಕೆ ಮೂರು ಅಂಕ ಕೊಡುತ್ತಿತ್ತು. ವೈದ್ಯರ ಆದೇಶವಿದ್ದರೆ ಮಾತ್ರ ಇಂಥವರಿಗೆಂದೇ ನ್ಯೂಸ್-2ರಲ್ಲಿರುವ ಎರಡನೆಯ ಆಮ್ಲಜನಕ ಮಾಪಕಕ್ಕೆ ಹೊರಳುವ ಕೋಶವೊಂದನ್ನು ಸೇರಿಸಬೇಕಾಯಿತು.

ನನ್ನನ್ನು ಹೆಚ್ಚು ಕಾಡಿದ್ದು ಉಸಿರಿನ ಎಣಿಕೆ. ಯಾರ ಚಾರ್ಟ್ ತೆರೆದರೂ 18, ಇಲ್ಲವೇ 20. ಅಂದಾಜನ್ನೇ ತುಂಬಿದರೆ ಕಂಪ್ಯೂಟರ್ ಅಂದಾಜನ್ನೇ ಕೂಡಿಸುತ್ತದೆ. ಹಿಂದಿನ ಐದು ಎಣಿಕೆಗಳು ಪಕ್ಕದಲ್ಲೇ ಕಾಣುವಂತೆ ಮಾಡಿದೆ. ಸಾಲಾಗಿ ನಿಂತ 18ಗಳನ್ನು ನೋಡಿದವರು ಗಡಿಯಾರ ಹಿಡಿದು ಪೂರ್ತಿ ನಿಮಿಷ ಎಣಿಸತೊಡಗಿದರು. ಇದಕ್ಕೆ ಇನ್ನೊಂದು ಉಪಾಯವನ್ನೂ ಹೂಡಿದ್ದೇನೆ. ನಮ್ಮ ಹುಡುಗಿಯರು ಇದನ್ನು ಓದುವುದರಿಂದ ಅದನ್ನಿಲ್ಲಿ ಬರೆಯುವುದಿಲ್ಲ.

ಒಂದು ರಾತ್ರಿಯ ಸಾಲು ಹೀಗಿತ್ತು: ಉಸಿರು 22, ರಕ್ತದ ಆಮ್ಲಜನಕ ಮಟ್ಟ 95, ರಕ್ತದೊತ್ತಡದ ಮೇಲಿನ ಅಂಕಿ 108, ನಾಡಿ 96, ತಾಪಮಾನ 38.2 ಸೆಲ್ಸಿಯಸ್. ರೋಗಿ ಎಚ್ಚರವಾಗಿದ್ದು ಮಾತನಾಡುತ್ತಿದ್ದರು, ಆಮ್ಲಜನಕ ಹಚ್ಚಿರಲಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಯಾವುದಕ್ಕೂ ರಾತ್ರಿ ಯಾರೂ ಫೋನ್ ಎತ್ತುವುದಿಲ್ಲ. ಕೂಡಿದರೆ ಆರು. ಐದು ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತಾಗಿ ವೈದ್ಯರು ನೋಡಲೇಬೇಕು. ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿದ್ದ ನರ್ಸ್ ಅಳುಕದೆ ಕರೆ ಮಾಡಿದಳು. ವೈದ್ಯರು ಬಂದು ಸೋಂಕನ್ನು ಗುರುತಿಸಿ, ರೋಗಾಣು ಪತ್ತೆಗೆ ರಕ್ತದ ಕಲ್ಚರ್ ಕಳುಹಿಸಿ ಆ್ಯಂಟಿಬಯೋಟಿಕ್ ಶುರು ಮಾಡಿದರು. ಅಂದಿನಿಂದ ಆ ಹಿರಿಯ ವೈದ್ಯರೂ ಫೋನಿನಲ್ಲಿ ಮೊದಲು ಕೇಳುವುದು ಅಂಕವನ್ನೇ. ಅಂಕ ಕಡಿಮೆಯಿದ್ದೂ ಮನಸ್ಸು ಒಪ್ಪದಿದ್ದರೆ ಕರೆಯಲೇಬೇಕು ಎಂಬ ನಿಯಮವನ್ನು ನಾನು ಪರದೆಯ ಅಂಚಿಗೇ ಅಂಟಿಸಿದ್ದೇನೆ.

ನಡುವೆ, ಮಲಗಿಯೇ ಇರುವವರಿಗೆ ಹಾಸಿಗೆ ಹುಣ್ಣಾಗುವ ಅಪಾಯವನ್ನು ಅಳೆಯುವ ಬ್ರೇಡನ್ ಮಾಪಕವನ್ನೂ ಸೇರಿಸಿ, ಮಗ್ಗುಲು ಬದಲಿಸಲು ಎರಡು ಗಂಟೆಗೊಮ್ಮೆ ಗಂಟೆ ಬಾರಿಸುವಂತೆ ಮಾಡಿ ನೋಡಿದೆ. ಮೂರನೆಯ ದಿನಕ್ಕೇ ಯಾರೋ ಸ್ಪೀಕರ್ ತಂತಿ ಕಿತ್ತಿದ್ದರು. ಈಗ ಸದ್ದಿಲ್ಲ. ಬ್ರೇಡನ್‌ನಲ್ಲಿ ಅಂಕ ಇಳಿದಷ್ಟೂ ಅಪಾಯ ಹೆಚ್ಚು. 18 ಅಥವಾ ಅದಕ್ಕಿಂತ ಕಡಿಮೆ ಅಂಕದವರ ಹಾಸಿಗೆ ಸಂಖ್ಯೆಗಳು ಪಾಳಿ ಬದಲಾಗುವಾಗ ಒಂದು ಚೀಟಿಯಲ್ಲಿ ಮುದ್ರಣವಾಗುತ್ತವೆ. ಆ ಚೀಟಿ ಇದುವರೆಗೆ ಕಸದ ಬುಟ್ಟಿ ಸೇರಿಲ್ಲ.