ಕೊಡಚಾದ್ರಿಗೆ ಹೋಗುವವರು ಮೂಲಸ್ಥಾನವನ್ನು ತಪ್ಪಿಸಬೇಡಿ

ಉಡುಪಿಯವರಿಗೆ ಕೊಲ್ಲೂರೆಂದರೆ ಬೆಳಿಗ್ಗೆ ಹೊರಟು, ಮಧ್ಯಾಹ್ನ ಪ್ರಸಾದದ ಊಟ ಮುಗಿಸಿ ಮರಳುವ ಕ್ಷೇತ್ರ. ಅದಕ್ಕೆ ಇನ್ನೊಂದು ದಿನ ಸೇರಿಸಿಕೊಂಡರೆ ಕೊಡಚಾದ್ರಿಯನ್ನೂ ಕಾಣಬಹುದು. 1,343 ಮೀಟರ್ ಎತ್ತರದ ಈ ಬೆಟ್ಟ ಇರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ. ಭಕ್ತರು ಮಾತ್ರ ಬೆಟ್ಟವನ್ನೂ ಕೊಲ್ಲೂರನ್ನೂ ಬೇರೆ ಮಾಡಿ ನೋಡಿದವರಲ್ಲ. ಬೆಟ್ಟದಲ್ಲಿ ತಪಸ್ಸು ಮಾಡಿದ ಶಂಕರಾಚಾರ್ಯರ ಹಿಂದೆಯೇ, ತಿರುಗಿ ನೋಡಬಾರದೆಂಬ ಷರತ್ತಿನ ಮೇಲೆ, ದೇವಿ ಮೂಕಾಂಬಿಕೆ ಹೊರಟಳು. ಗೆಜ್ಜೆಯ ಸದ್ದು ನಿಂತಿತೆಂದು ಅವರು ತಿರುಗಿ ನೋಡಿದಾಗ ಕೊಲ್ಲೂರಿನಲ್ಲೇ ನೆಲೆಸಿದಳು ಎನ್ನುತ್ತದೆ ಐತಿಹ್ಯ. ದೇವಿ ಇಳಿದು ಬಂದ ಬೆಟ್ಟವನ್ನು ನಾವು ಹತ್ತುತ್ತೇವೆ.

ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ಕಾಲ ಒಳ್ಳೆಯದು. ಮಳೆಗಾಲದಲ್ಲಿ ದಾರಿ ಜಾರುತ್ತದೆ, ಇಂಬಳಗಳ ಕಾಟ ಬೇರೆ.

ಕುಂದಾಪುರ ದಾರಿಯಾಗಿ ಹಿಂದಿನ ದಿನವೇ ಕೊಲ್ಲೂರು ಸೇರಿ. ಕೊಡಚಾದ್ರಿಯ ಕಡೆಯಿಂದಲೇ ಹರಿದು ಬರುವ ಸೌಪರ್ಣಿಕೆಯಲ್ಲಿ ಮಿಂದು, ದರ್ಶನ ಮುಗಿಸಿ, ಮರುದಿನ ಬೆಳಿಗ್ಗೆ ಜೀಪ್ ಹಿಡಿಯಿರಿ. ಸುಮಾರು 40 ಕಿ.ಮೀ. ದಾರಿ, ಕೊನೆಯ ಏರು ಬರೀ ಕಲ್ಲು, ಕೆಮ್ಮಣ್ಣು, ಕೊರಕಲು. ಸ್ವಂತ ಕಾರಿನ ಯೋಚನೆ ಬೇಡ. ಬೆನ್ನುನೋವು ಇರುವವರು ಮುಂದಿನ ಸೀಟು ಕೇಳಿ ಪಡೆಯುವುದು ಲೇಸು. ಬಾಡಿಗೆಯ ಜೊತೆಗೆ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನೂ ಹತ್ತುವ ಮೊದಲೇ ಮಾತನಾಡಿಕೊಳ್ಳಿ. ಈ ಮಾತು ಆಗದೆ ಎಷ್ಟೋ ಜನ ತುದಿ ಮುಟ್ಟಿದ ಕೂಡಲೇ ಓಡೋಡಿ ಇಳಿಯುತ್ತಾರೆ.

ಜೀಪ್ ಇಳಿದೊಡನೆ ಶಿಖರದ ಕಡೆಗೆ ಧಾವಿಸಬೇಡಿ. ಮೊದಲು ದೇವಿಯ ಮೂಲಸ್ಥಾನವಾದ ಮೂಲ ಮೂಕಾಂಬಿಕೆಯ ಗುಡಿಗೆ ಹೋಗಿ. ಅಲ್ಲಿ ಎತ್ತರದ ಕಬ್ಬಿಣದ ಕಂಬವೊಂದಿದೆ. ಮೂಕಾಸುರನನ್ನು ಕೊಂದ ದೇವಿಯ ತ್ರಿಶೂಲವೇ ಅದು ಎಂಬುದು ಭಕ್ತರ ನಂಬಿಕೆ. ಪಶ್ಚಿಮ ಘಟ್ಟದ ಮಳೆಯನ್ನು ವರ್ಷವರ್ಷವೂ ತಡೆದುಕೊಂಡು ನಿಂತ ಆ ಕಂಬ ಲೋಹಶಾಸ್ತ್ರಜ್ಞರ ಗಮನವನ್ನೂ ಸೆಳೆದಿದೆ. ಇದರ ಮುಂದೆ ನಿಲ್ಲದೆ ಹೋದರೆ ಯಾತ್ರೆ ಅರ್ಧವೇ ಆಯಿತು ಎನ್ನುವವಳು ನಾನು.

ಮುಂದೆ ನಡಿಗೆ. ನಿಧಾನವಾಗಿ ಹತ್ತಿ, ದಾರಿಯಲ್ಲಿ ಗಣೇಶ ಗುಹೆ ಸಿಗುತ್ತದೆ. ಕಣಿವೆಯ ಕುಳ್ಳ ಮರಗಳ ಶೋಲಾ ಕಾಡಿನ ನೆರಳು ದಾಟಿದರೆ ಬಟಾಬಯಲು ಹುಲ್ಲುಗಾವಲು, ಗಾಳಿಯೂ ಜೋರು. ತುದಿಯಲ್ಲಿರುವ ಸರ್ವಜ್ಞಪೀಠ ಬಿಡಿಗಲ್ಲುಗಳಿಂದ ಕಟ್ಟಿದ ಪುಟ್ಟ ಗುಡಿ, ಒಳಗೆ ಶಂಕರಾಚಾರ್ಯರ ಮೂರ್ತಿ. ಅಲ್ಲಿಂದಾಚೆ ಚಿತ್ರಮೂಲದ ಗುಹೆಗೆ ಇಳಿಯುವ ಹಾದಿ ತೀರಾ ಕಡಿದು. ಮಕ್ಕಳನ್ನೂ ಮಂಡಿನೋವಿನ ಹಿರಿಯರನ್ನೂ ಪೀಠದ ಬಳಿಯೇ ಕೂರಿಸಿ, ಹಿಡಿತವಿರುವ ಬೂಟು ತೊಟ್ಟವರು ಮಾತ್ರ ಇಳಿಯಿರಿ.

ಸುತ್ತಲೂ ಮೂಕಾಂಬಿಕಾ ವನ್ಯಜೀವಿಧಾಮದ ಕಾಡು. ನೀರಿನ ಬಾಟಲಿ, ತಿಂಡಿಯ ಪೊಟ್ಟಣ ಎಲ್ಲವೂ ನಿಮ್ಮ ಚೀಲದಲ್ಲೇ ಕೊಲ್ಲೂರಿಗೆ ಮರಳಲಿ.